ನಮ್ಮ ಸೀಮೆಯನ್ನೇ ಒಮ್ಮೆ ನೋಡೋಣ ಬನ್ನಿ

ಪ್ರವಾಸ ಎಂದ ಕೂಡಲೇ ನಮ್ಮ ಹೆಂಗಸರ ಮನಸ್ಸಿಗೆ ಬರುವುದು ಎರಡೇ. ಒಂದು, ಹರಕೆ ಹೊತ್ತ ದೇವರು. ಇನ್ನೊಂದು, ನೆಂಟರ ಮನೆಯ ಮದುವೆ. ದೇವರ ದರ್ಶನಕ್ಕೆ ಹೋದರೂ ಮಕ್ಕಳ ಬಟ್ಟೆ, ಅತ್ತೆಯ ಮಾತ್ರೆ, ಯಜಮಾನರ ಟವೆಲ್ಲು, ತಿಂಡಿಯ ಡಬ್ಬಿ ಇವನ್ನೆಲ್ಲ ಎಣಿಸುವುದರಲ್ಲೇ ನಮ್ಮ ಕಣ್ಣು ಇರುತ್ತದೆಯೇ ಹೊರತು ಗೋಪುರದ ಮೇಲಲ್ಲ. ಮನೆಗೆ ಬಂದ ಮೇಲೆ 'ಏನು ನೋಡಿಬಂದಿರಿ?' ಎಂದು ಯಾರಾದರೂ ಕೇಳಿದರೆ 'ಎಲ್ಲ ಚೆನ್ನಾಗಿತ್ತು' ಅನ್ನುತ್ತೇವೆ. ಏನು ಚೆನ್ನಾಗಿತ್ತು ಎಂದು ಮತ್ತೆ ಕೇಳಿದರೆ ಹೇಳಲು ಮಾತಿರುವುದಿಲ್ಲ. ನೀವೇ ಹೇಳಿ, ನಿಜವಲ್ಲವೇ?

ನಮ್ಮೂರು ಮರಳವಾಡಿ. ಹಿಂದೆ ಕನಕಪುರ ತಾಲ್ಲೂಕಿಗೆ ಸೇರಿತ್ತು, ಈಗ ಹಾರೋಹಳ್ಳಿ ತಾಲ್ಲೂಕು. ನಮ್ಮ ಬೀದಿಯ ಹುಡುಗಿಯೊಬ್ಬಳು ಮದುವೆಯಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿದ್ದಾಳೆ. ಅವಳು ಒಂದು ರಜೆಯಲ್ಲಿ ಗಂಡನ ಜೊತೆ ಅಲ್ಲಿಯ ಹಳ್ಳಿಗಳನ್ನು ಸುತ್ತಿ ಫೋನಿನಲ್ಲಿ ಫೋಟೋ ಕಳಿಸಿದಳು. ಅದರಲ್ಲಿ ಕೂರಸ್ ಎಂಬ ಒಂದು ಹಳ್ಳಿ. ಕಲ್ಲು ಹಾಸಿದ ಕಿರಿದಾದ ಓಣಿ, ಸುಣ್ಣ ಬಳಿದ ಗಿಡ್ಡ ಮನೆಗಳು, ಮೇಲೆ ಕೆಂಪು ಹೆಂಚು. ನಮ್ಮ ಹಳ್ಳಿ ಮನೆಗಳ ದಾಯಾದಿಯೇ ಅನ್ನಿ! ಕಲ್ಲಿದ್ದಲು ಮತ್ತು ಉಪ್ಪಿನ ವ್ಯಾಪಾರದಲ್ಲಿ ಹಣ ಮಾಡಿದ ಜಾರ್ಜ್ ಬ್ರೂಸ್ ಎಂಬಾತ 1597ರಲ್ಲಿ ಕಟ್ಟಲು ತೊಡಗಿದ ದೊಡ್ಡ ಮನೆ ಅಲ್ಲಿದೆ. ಇನ್ನೊಂದು ಸ್ವಾರಸ್ಯ ಕೇಳಿ. ಆ ಹಳ್ಳಿ ಒಂದು ಕಾಲದಲ್ಲಿ ಪ್ರಸಿದ್ಧವಾಗಿದ್ದು ರೊಟ್ಟಿ ಸುಡುವ ಕಬ್ಬಿಣದ ಹೆಂಚಿಗೆ! ಅಲ್ಲಿಯವರು ಓಟ್ಸ್ ಹಿಟ್ಟಿನ ರೊಟ್ಟಿ ಸುಡುತ್ತಿದ್ದರು. ಆ ಹೆಂಚು ಮಾಡುವ ಹಕ್ಕನ್ನು ರಾಜನೇ ಆ ಊರಿನ ಕಮ್ಮಾರರಿಗೆ ಬರೆದುಕೊಟ್ಟಿದ್ದನಂತೆ.

ಆ ಹಳ್ಳಿಯೂ ಒಮ್ಮೆ ಪಾಳು ಬೀಳುವ ಸ್ಥಿತಿಗೆ ಬಂದಿತ್ತು. 1931ರಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ಮರುವರ್ಷವೇ ಅದು ಕೂರಸ್‌ನ ಆ ದೊಡ್ಡ ಮನೆಯನ್ನು ಕೊಂಡು ಉಳಿಸಿಕೊಂಡಿತು. ಆಮೇಲೆ ಸಣ್ಣ ಸಣ್ಣ ಮನೆಗಳನ್ನೂ ರಿಪೇರಿ ಮಾಡಿ, ಬೀಗ ಹಾಕಿಡದೆ, ಜನ ವಾಸಕ್ಕಿರುವಂತೆ ಮಾಡಿತು. ಅದಕ್ಕೇ ಇವತ್ತು ನಮ್ಮ ಹುಡುಗಿ ಟಿಕೆಟ್ಟು ಕೊಟ್ಟು ನೋಡಿ ಬರುತ್ತಾಳೆ.

ಆ ಫೋಟೋಗಳನ್ನು ನೋಡುತ್ತಾ ನಾನು, ನನ್ನ ವಾರಗಿತ್ತಿ ಲೆಕ್ಕ ಹಾಕಿದೆವು. ನಮ್ಮ ಚನ್ನಪಟ್ಟಣದ ಕೋಟೆ ಕಟ್ಟಿದ್ದು 1580ರಲ್ಲಿ. ಎಂದರೆ ಆ ದೊಡ್ಡ ಮನೆಗಿಂತ ನಮ್ಮ ಕೋಟೆ ಹಳೆಯದು. ಮಾಗಡಿ, ಸಾವನದುರ್ಗ, ಕಬ್ಬಾಳು ಎಲ್ಲ ನಮ್ಮ ಮನೆ ಬಾಗಿಲಲ್ಲೇ ಇವೆ. ಹೆಸರು ಕೇಳಿದ್ದೇವೆ, ಬಸ್ಸಿನ ಬೋರ್ಡಿನಲ್ಲಿ ಓದಿದ್ದೇವೆ. ನೋಡಿದ್ದೇವೆಯೇ? ಆಗಲೇ ತೀರ್ಮಾನವಾಯಿತು: ಮೂರು ದಿನ ನಮ್ಮ ಸೀಮೆಯನ್ನೇ ಸುತ್ತಿ ಬರೋಣ ಅಂತ.

ಹೊರಡುವ ಮುನ್ನ

'ಮನೆ ಯಾರು ನೋಡ್ಕೊಳ್ಳೋದು?' ಎಂಬ ಪ್ರಶ್ನೆ ಎಲ್ಲರ ಮನೆಯಲ್ಲೂ ಮೊದಲು ಏಳುತ್ತದೆ. ನಮ್ಮಲ್ಲೂ ಎದ್ದಿತು. ಸೋದರಿಯರೇ, ಅದಕ್ಕೆ ಜಗಳವಾಡಬೇಡಿ, ಮುನಿಸೂ ಬೇಡ. ಹದಿನೈದು ದಿನ ಮೊದಲೇ ತಾರೀಖು ಹೇಳಿಬಿಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹುಳಿಪುಡಿ, ಚಟ್ನಿಪುಡಿ ಮಾಡಿಡಿ. ದೋಸೆ ಹಿಟ್ಟು ರುಬ್ಬಿಡಿ. ಅನ್ನಕ್ಕೆ ನೀರೆಷ್ಟು, ಅಕ್ಕಿಯೆಷ್ಟು ಎಂದು ಬರೆದು ಅಡುಗೆ ಮನೆಯ ಬಾಗಿಲಿಗೆ ಅಂಟಿಸಿ. ಗಂಡಸರು, ಮಕ್ಕಳು ಮೂರು ದಿನ ಸಂಭಾಳಿಸುತ್ತಾರೆ. ಆಕಾಶವೇನೂ ಕಳಚಿ ಬೀಳುವುದಿಲ್ಲ.

ಇನ್ನು ಖರ್ಚು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲದೆ ಓಡಾಡುವ ಶಕ್ತಿ ಯೋಜನೆ ಬಂದಿದೆ. ರಾಜಹಂಸ, ಐರಾವತ ಇಂಥ ಬಸ್ಸುಗಳಿಗೆ ಇದು ಅನ್ವಯಿಸದು. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಚೀಲದಲ್ಲಿರಲಿ. ಹಿಂದೆಲ್ಲ 'ಬಸ್ ಚಾರ್ಜಿಗೆ ಎಷ್ಟು?' ಎಂದು ಯಜಮಾನರ ಮುಖ ನೋಡಬೇಕಿತ್ತು. ಈಗ ಆಟೋ, ಕಾಫಿ, ತೆಂಗಿನಕಾಯಿ ಇಷ್ಟಕ್ಕಾದರೆ ಸಾಕು.

ಬುತ್ತಿಯ ವಿಷಯಕ್ಕೆ ಬಂದರೆ, ನಮಗೆ ಅನುಕೂಲವಾದದ್ದು ಇವು. ನೀರಿನ ಬದಲು ಹಾಲಿನಲ್ಲಿ ಕಲಸಿದ ಚಪಾತಿ ಮರುದಿನಕ್ಕೂ ಮೆತ್ತಗಿರುತ್ತದೆ. ಪುಳಿಯೋಗರೆಗೆ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿದ್ದರೆ ಕೆಡುವುದಿಲ್ಲ. ಮೊಸರನ್ನಕ್ಕೆ ಮಾತ್ರ ಒಂದು ಉಪಾಯ: ಒಂದು ಪಾವು ಅಕ್ಕಿಯ ಅನ್ನವನ್ನು ಮೆತ್ತಗೆ ಮಾಡಿ, ಆರಿದ ಮೇಲೆ ಎರಡು ಪಾವು ಕಾಯಿಸಿ ಆರಿಸಿದ ಹಾಲು ಹಾಕಿ ಕಲಸಿ, ಎರಡೇ ಚಮಚ ಮೊಸರು ಬೆರೆಸಿ. ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಡಿ. ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬಂದಿರುವುದಿಲ್ಲ.

ನಾವು ಹೊರಟವರು ಮೂವರು. ನಾನು, ವಾರಗಿತ್ತಿ, ಎಪ್ಪತ್ತು ದಾಟಿದ ನಮ್ಮತ್ತೆ. ಅತ್ತೆ ಹುಟ್ಟಿದ್ದು ಹಾರೋಹಳ್ಳಿ ಕಡೆ, ಕೊಟ್ಟಿದ್ದು ಮರಳವಾಡಿಗೆ. ತಿರುಪತಿ, ಧರ್ಮಸ್ಥಳ ಕಂಡವರು, ಮಾಗಡಿ ಕಂಡವರಲ್ಲ. ಮನೆಯಲ್ಲಿ ಆ ಹೊತ್ತಿಗೆ ಇನ್ನೊಂದು ಮಾತು ನಡೆದಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮದು ಹಳೆಯ ತೊಟ್ಟಿ ಮನೆ. ಹೆಂಚು ಸೋರುತ್ತದೆ, ಇಲಿ ಕಾಟ, ಬಚ್ಚಲು ಹಿತ್ತಿಲಲ್ಲಿ. ಕೆಡವಿ ತಾರಸಿ ಮನೆ ಕಟ್ಟಬೇಕೆಂದು ಗಂಡಸರು ಯೋಚಿಸಿದ್ದರು. ಬೆಂಗಳೂರಿನಿಂದ ಬಂದವರೊಬ್ಬರು ಕಂಬಗಳಿಗೂ ತಲೆಬಾಗಿಲಿಗೂ ಬೆಲೆ ಕಟ್ಟಿ ಹೋಗಿದ್ದರು. ಅತ್ತೆ ಬೇಕೆಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಯಾರೂ ಅವರನ್ನು ಕೇಳಿಯೂ ಇರಲಿಲ್ಲ.

ಮೊದಲ ದಿನ: ಕನಕಪುರ, ಕಬ್ಬಾಳು

ಬೆಳಗಿನ ಬಸ್ಸಿಗೆ ಹೊರಟು ಕನಕಪುರ ಸೇರಿದೆವು. ಸಂತೆಗೆ, ಬಟ್ಟೆಗೆ, ಆಸ್ಪತ್ರೆಗೆಂದು ಎಷ್ಟೋ ಸಲ ಬಂದ ಊರೇ. ಆದರೆ ಅದರ ಕಥೆ ಕೇಳಿ. ಇದರ ಹಳೆಯ ಹೆಸರು ಕಾನಕಾನಹಳ್ಳಿ. ಅರ್ಕಾವತಿಯ ದಂಡೆಯ ಊರು. 1791ರಲ್ಲಿ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣಕ್ಕೆ ನುಗ್ಗುವಾಗ ದಾರಿಯಲ್ಲಿ ಅವರಿಗೆ ಕಾಳು ಕಡ್ಡಿ ಸಿಗಬಾರದೆಂದು ಟಿಪ್ಪುವಿನ ಕಡೆಯವರೇ ಈ ಊರನ್ನು ಎರಡು ಬಾರಿ ಹಾಳುಗೆಡವಿದರು. ಯುದ್ಧವೆಂದರೆ ಬರೀ ಕತ್ತಿ, ತುಪಾಕಿಯಲ್ಲ ನೋಡಿ. ಕಣಜ ಬರಿದಾಗುವುದೂ ಯುದ್ಧವೇ. ಆ ವರ್ಷ ಈ ಊರಿನ ಹೆಂಗಸರು ಮಕ್ಕಳಿಗೆ ಏನು ಬೇಯಿಸಿ ಹಾಕಿದರೋ ಎಂದು ಯಾವ ಪುಸ್ತಕದಲ್ಲೂ ಬರೆದಿರಲಾರರು.

ಅಲ್ಲಿಂದ ಸಾತನೂರು ದಾರಿ ಹಿಡಿದು ಕಬ್ಬಾಳಿಗೆ. ಕಬ್ಬಾಳಮ್ಮನಿಗೆ ಹಣ್ಣುಕಾಯಿ ಮಾಡಿಸಲು ನೀವೂ ಹೋಗಿರಬಹುದು. ಪೂಜೆ ಮುಗಿದ ಮೇಲೆ ಹತ್ತು ನಿಮಿಷ ಹಿಂದಿನ ಬೆಟ್ಟವನ್ನು ನೋಡಿ. ಒಂದೇ ಬಂಡೆಯಂತೆ ಮೇಲಕ್ಕೆದ್ದಿರುವ ಕಬ್ಬಾಳದುರ್ಗ ಒಂದು ಕಾಲದಲ್ಲಿ ಸೆರೆಮನೆಯಾಗಿತ್ತು. ಮೈಸೂರಿನ ಗಾದಿಯ ಮೇಲೆ ಕುಳಿತ ಏಳನೆಯ ಚಾಮರಾಜ ಒಡೆಯರನ್ನು ದಳವಾಯಿಗಳು ಪಟ್ಟದಿಂದ ಇಳಿಸಿ ಇಲ್ಲಿಗೆ ಕಳಿಸಿದರು. 1734ರಲ್ಲಿ ಅವರು ಇಲ್ಲೇ ತೀರಿಕೊಂಡರು. ಹೈದರ್, ಟಿಪ್ಪು ಕಾಲದಲ್ಲೂ ಇದು ಸೆರೆಯವರ ದುರ್ಗವೇ. ಅರಮನೆಯಲ್ಲಿ ಹುಟ್ಟಿದವರ ಹಣೆಯಲ್ಲೂ ಏನು ಬರೆದಿರುತ್ತದೋ ಯಾರು ಬಲ್ಲರು! ಅತ್ತೆ ಬೆಟ್ಟ ನೋಡುತ್ತಾ ನಿಂತು, 'ಕೆಳಗೆ ತಾಯಿ, ಮೇಲೆ ಸೆರೆ. ಆ ರಾಜ ಈ ತಾಯಿನ್ನ ಎಷ್ಟು ಕರೆದ್ನೋ ಏನೋ ಕಣವ್ವ' ಅಂದರು. ಚಿಕ್ಕಂದಿನಿಂದ ಕಬ್ಬಾಳಮ್ಮನಿಗೆ ಕೈಮುಗಿದವರು, ಬೆಟ್ಟದ ಕಥೆ ಕೇಳಿದ್ದು ಅಂದೇ ಮೊದಲು.

ಬೆಟ್ಟ ಕಡಿದು, ಮಂಡಿನೋವಿನವರು ಹತ್ತುವ ಸಾಹಸ ಬೇಡ. ಈ ಕಡೆ ಬಂದವರು ಸಂಗಮ, ಮೇಕೆದಾಟು ನೋಡಲು ಇನ್ನೊಂದು ದಿನ ಇಟ್ಟುಕೊಳ್ಳಿ. ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ ಅದು. ಆದರೆ ಒಂದು ಮಾತು: ನೀರು ಶಾಂತವಾಗಿ ಕಂಡಿತೆಂದು ಮಕ್ಕಳನ್ನು ಇಳಿಯಲು ಬಿಡಬೇಡಿ. ಒಳಗೆ ಬಂಡೆಯ ಸಂದು, ಸುಳಿ ಎರಡೂ ಇವೆ, ಜೀವ ಕಳೆದುಕೊಂಡವರಿದ್ದಾರೆ.

ಆ ರಾತ್ರಿ ಸಾತನೂರಿನ ಮೇಲೆ ಚನ್ನಪಟ್ಟಣಕ್ಕೆ ಬಂದು ನಾದಿನಿಯ ಮನೆಯಲ್ಲಿ ತಂಗಿದೆವು.

ಎರಡನೆಯ ದಿನ: ಚನ್ನಪಟ್ಟಣ, ದೊಡ್ಡಮಳೂರು, ಜಾನಪದ ಲೋಕ

ಚನ್ನಪಟ್ಟಣ ಅಂದರೆ ಬೊಂಬೆ. ಆದರೆ ಬೊಂಬೆಗಿಂತ ಮುಂಚೆ ಇಲ್ಲಿ ರಾಜ್ಯವೇ ಇತ್ತು. ವಿಜಯನಗರದ ಅರಸರಿಂದ ಈ ಸೀಮೆಯನ್ನು ಪಡೆದ ಜಗದೇವರಾಯ 1580ರಲ್ಲಿ ಇಲ್ಲಿ ಕೋಟೆ ಕಟ್ಟಿದ. ಐವತ್ತು ವರ್ಷಗಳಾದ ಮೇಲೆ, 1630ರಲ್ಲಿ, ಮೈಸೂರಿನವರು ಅದನ್ನು ಗೆದ್ದುಕೊಂಡರು. ಊರಿನ ಬಳಿ ಎರಡು ದೊಡ್ಡ ಗೋರಿಗಳೂ ಇವೆ. ಒಂದು ಅಕಲ್ ಶಾ ಖಾದ್ರಿ ಎಂಬ ಸಂತರದು. ಇನ್ನೊಂದು ಟಿಪ್ಪುವಿನ ಕಾಲದಲ್ಲಿ ಬೆಂಗಳೂರಿನ ಅಧಿಕಾರಿಯಾಗಿದ್ದ ಸಯ್ಯದ್ ಇಬ್ರಾಹಿಮರದು. ಸೆರೆ ಸಿಕ್ಕ ಶತ್ರುಗಳನ್ನು ಕರುಣೆಯಿಂದ ಕಂಡವರೆಂದು ಅವರಿಗೆ ಹೆಸರು. ಮುನ್ನಾ ದಿನ ಕಬ್ಬಾಳದ ಸೆರೆ ನೋಡಿದ್ದ ನಮಗೆ ಇದನ್ನು ಕೇಳಿ ಮನಸ್ಸು ಸ್ವಲ್ಪ ತಣ್ಣಗಾಯಿತು.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಇಂಗ್ಲಿಷ್ ಗವರ್ನರ್ ಜನರಲ್ಲರ ಅಪ್ಪಣೆಯ ಮೇರೆಗೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ನಮ್ಮ ನಾಡನ್ನು ಊರೂರು ಸುತ್ತಿದ. ಆತನೂ ಸ್ಕಾಟ್ಲೆಂಡಿನವನೇ! ಬೆಳೆ, ಮರ, ಕಸುಬು, ಸಂತೆ ಎಲ್ಲವನ್ನೂ ಬರೆದಿಟ್ಟುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಚನ್ನಪಟ್ಟಣದ ಗಾಜಿನ ಬಳೆ, ವೀಣೆಯಂಥ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಬಿಳಿಯ ಸಕ್ಕರೆ ಎಲ್ಲ ಅದರಲ್ಲಿ ಬಂದಿವೆ. ಸಾವಿರಾರು ಮೈಲಿ ದೂರದಿಂದ ಬಂದವನು ನಮ್ಮ ಊರಿನ ಬಳೆಯನ್ನು ನಿಂತು ನೋಡಿದ. ನಾವು ಅದೇ ಊರಿಗೆ ಅರ್ಧ ದಿನದ ದಾರಿಯಲ್ಲಿದ್ದೂ ನೋಡದಿದ್ದರೆ ಹೇಗೆ?

ಬೊಂಬೆ ಮಾಡುವುದನ್ನು ಅಂಗಡಿಯಲ್ಲಲ್ಲ, ಮಾಡುವವರ ಮನೆಯಲ್ಲೇ ಕೇಳಿಕೊಂಡು ನೋಡಿ. ಬೇಡವೆನ್ನುವವರು ಕಡಿಮೆ. ಆಲೆ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದರೆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ಗರಿಯಿಂದ ಒತ್ತಿ ಉಜ್ಜಿದರೆ ಕನ್ನಡಿಯ ಹೊಳಪು. ಕುಂಚ ಮುಟ್ಟಿಸುವುದೇ ಇಲ್ಲ. ಅರಿಸಿನದಂಥ ಗಿಡಮೂಲದ ಬಣ್ಣ ಹಾಕಿದ್ದನ್ನು ಕೇಳಿ ತೆಗೆದುಕೊಂಡರೆ ಹಾಲುಗಲ್ಲದ ಕೂಸು ಬಾಯಿಗಿಟ್ಟರೂ ಭಯವಿಲ್ಲ. 2005-06ರಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆ ಮಾಡಿದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ನೀವು ಕೊಳ್ಳುವಾಗ ಯಂತ್ರದಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಆಟಿಕೆಯ ಬೆಲೆಗೆ ಇದನ್ನು ಹೋಲಿಸಬೇಡಿ. ಇದು ಒಬ್ಬರ ಕೈಯ ಕೆಲಸ.

ಚನ್ನಪಟ್ಟಣದ ಪಕ್ಕದಲ್ಲೇ, ಮೈಸೂರು ರಸ್ತೆಯಲ್ಲಿ, ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ದೇವಸ್ಥಾನ. ಚೋಳರ ಕಾಲದಷ್ಟು ಹಳೆಯದೆಂದು ಹೆಸರಾದ ಗುಡಿ. ಒಳಗೆ ಅಂಬೆಗಾಲಿಕ್ಕುವ ಕೃಷ್ಣ, ಕೈಯಲ್ಲಿ ಬೆಣ್ಣೆ. ಮಕ್ಕಳಿಲ್ಲದವರು ಬೆಣ್ಣೆ ಸೇವೆಯ ಹರಕೆ ಹೊತ್ತು, ಮಗುವಾದ ಮೇಲೆ ತೊಟ್ಟಿಲು ತಂದೊಪ್ಪಿಸುತ್ತಾರೆ. ಪುರಂದರದಾಸರು ಈ ಕೃಷ್ಣನನ್ನು ಕಂಡು ಹಾಡಿದರೆಂದು ನಂಬಿಕೆ. ಕಟ್ಟಿರುವ ಆ ಪುಟ್ಟ ತೊಟ್ಟಿಲುಗಳನ್ನು ನೋಡಿದರೆ ಹೆತ್ತ ಯಾವ ತಾಯಿಯ ಕಣ್ಣೂ ಒದ್ದೆಯಾಗದಿರದು.

ಮಧ್ಯಾಹ್ನ ರಾಮನಗರದ ಕಡೆಗೆ ಬರುವ ದಾರಿಯಲ್ಲಿ ಜಾನಪದ ಲೋಕದ ಮುಂದೆ ಇಳಿದೆವು. ದೊಡ್ಡ ಅಧಿಕಾರಿಯಾಗಿದ್ದು, ಊರೂರಿನ ಹಾಡು ಕಥೆಗಳನ್ನು ಕೂಡಿಟ್ಟ ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿ ಬೆಳೆಸಿದ ಜಾಗ ಇದು. ಹದಿನೈದು ಎಕರೆ ತೋಪಿನಲ್ಲಿ ತೊಗಲು ಬೊಂಬೆ, ವಾದ್ಯ, ವೇಷ, ಉಳುಮೆಯ ಸಾಮಾನು ಎಲ್ಲ ಇವೆ. ಅದರಲ್ಲಿ ಲೋಕಮಾತಾ ಮಂದಿರ ಎಂಬ ಒಂದು ಮನೆಯನ್ನು ತಪ್ಪದೆ ನೋಡಿ. ಅದು ಪೂರ್ತಿ ಅಡುಗೆ ಮನೆಯ, ಹೆಂಗಸರ ಕೈಯ ಸಾಮಾನುಗಳಿಗೇ ಮೀಸಲು. ರಾಜರ ಕತ್ತಿ ಇಟ್ಟ ಮ್ಯೂಸಿಯಮ್ ಎಲ್ಲ ಕಡೆ ಇವೆ. ಅಜ್ಜಿಯ ಮಡಕೆ, ಮೊರ, ಕಡಗೋಲನ್ನು ಗೌರವದಿಂದ ಎತ್ತಿಟ್ಟ ಮಂದಿರ ಎಷ್ಟಿವೆ, ಹೇಳಿ?

ಅತ್ತೆ ಅಲ್ಲಿಂದ ಕದಲಲೇ ಇಲ್ಲ. ಒಂದೊಂದರ ಮುಂದೆಯೂ ನಿಂತು ನಮ್ಮಿಬ್ಬರಿಗೆ ಪಾಠ ಹೇಳಿದರು. ಇದು ರಾಗಿ ತುಂಬುವುದು, ಇದರಲ್ಲಿ ಬೆಣ್ಣೆ ಕಡೆಯುವುದು, ಬಾಣಂತಿಗೆ ಇದರಲ್ಲಿ ಖಾರ ಕುಟ್ಟುವುದು ಎಂದು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರೂ ಸುತ್ತ ಬಂದು ನಿಂತು ಕೇಳಿದರು. ಎಪ್ಪತ್ತು ವರ್ಷ ಒಲೆ ಮುಂದೆ ಕಳೆದ ಹೆಂಗಸು ಅಂದು ಮೇಷ್ಟರಾದರು! ಕೊನೆಗೆ ಹೊರಗೆ ಬಂದು ಮರದ ನೆರಳಲ್ಲಿ ಕುಳಿತ ಮೇಲೆ ಮೆಲ್ಲಗೆ ಹೇಳಿದರು: 'ಇವೆಲ್ಲ ನಮ್ಮ ಅಟ್ಟದ ಮೇಲಿವೆ ಕಣ್ರವ್ವ. ಮನೇಲಿರೋದನ್ನ ಮಾರ್ಬಿಟ್ಟು, ಇಲ್ಲಿಗೆ ಬಂದು ಟಿಕೀಟು ಕೊಟ್ಟು ನೋಡ್ಬೇಕಾ?'

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾರುವ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅಂದೇ.

ಮೂರನೆಯ ದಿನ: ರಾಮನಗರ, ಮಾಗಡಿ, ಸಾವನದುರ್ಗ

ಹೆಸರುಗಳ ಆಟ ನೋಡಿ. 1800ರಲ್ಲಿ ದಿವಾನ್ ಪೂರ್ಣಯ್ಯನವರು ಮೈಸೂರು ಹೆದ್ದಾರಿಯ ರಕ್ಷಣೆಗೆಂದು ಒಂದು ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಅದೇ ಆಮೇಲೆ ರಾಮನಗರ. 2007ರಲ್ಲಿ ಅದು ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ಹೆಸರು ಎಷ್ಟು ಬದಲಾದರೂ ರಾಮದೇವರ ಬೆಟ್ಟ ಅಲ್ಲೇ ಇದೆ. 'ಶೋಲೆ' ಸಿನಿಮಾ ತೆಗೆದ ಬಂಡೆಗಳು ಇವೇ ಎಂದು ಹುಡುಗರು ತೋರಿಸುತ್ತಾರೆ. 2012ರಲ್ಲಿ ಇದು ರಣಹದ್ದುಗಳ ಧಾಮವೂ ಆಯಿತು. ಸತ್ತ ದನವನ್ನು ತಿಂದು ಊರನ್ನು ಚೊಕ್ಕಟವಾಗಿಡುವ ಹಕ್ಕಿ ಅದು. ದನಗಳಿಗೆ ಕೊಡುತ್ತಿದ್ದ ಒಂದು ನೋವಿನ ಔಷಧಿಯಿಂದಾಗಿ ದೇಶದಲ್ಲೆಲ್ಲ ಅವುಗಳ ಸಂತತಿಯೇ ಕುಸಿಯಿತು. ಇಲ್ಲಿ ಗದ್ದಲ ಮಾಡದೆ ನೋಡಿ ಬರಬೇಕು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೂ ಬೆಳಿಗ್ಗೆ ಬೇಗ ಹೋದರೆ ಇಣುಕಬಹುದು. ನಾವು ಉಡುವ ಸೀರೆ ಸೀರೆಯಾಗುವ ಮೊದಲು ಹೇಗಿತ್ತು ಎಂದು ನೋಡುವುದೂ ಒಂದು ಪ್ರವಾಸವೇ. ನಮ್ಮ ಕಡೆ ಹುಳು ಸಾಕುವ ಮನೆಗಳಲ್ಲಿ ಹೆಂಗಸರೇ ನಿದ್ದೆಗೆಟ್ಟು ಸೊಪ್ಪು ಹಾಕುವವರು. ಆ ಗೂಡಿಗೆ ಬೆಲೆ ಕಟ್ಟುವುದನ್ನು ಅವರೂ ಒಮ್ಮೆ ಕಣ್ಣಾರೆ ನೋಡಬೇಕು.

ಅಲ್ಲಿಂದ ಮಾಗಡಿಯ ಬಸ್ಸು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದವರು ಆಮೇಲೆ ಮಾಗಡಿಯಿಂದಲೇ ಆಳಿದರು. ಊರಿನ ಸೋಮೇಶ್ವರ ದೇವಸ್ಥಾನ ಆ ವಂಶದವರು ಕಟ್ಟಿಸಿದ್ದು. ಕಂಬಗಳ ಮೇಲಿನ ಕೆತ್ತನೆಯನ್ನು ಬಿಡುವಾಗಿ ನೋಡಿ. ಊರ ಪಕ್ಕದ ತಿರುಮಲೆಯಲ್ಲಿ ರಂಗನಾಥಸ್ವಾಮಿ. ಅಲ್ಲಿಯ ಪುಟ್ಟ ವಿಗ್ರಹವೊಂದು ಬೆಳೆಯುತ್ತಲೇ ಇದೆ ಎಂದು ಜನ ನಂಬಿ 'ಬೆಳೆಯುವ ರಂಗ' ಎಂದು ಕರೆಯುತ್ತಾರೆ. 1728ರಲ್ಲಿ ಮೈಸೂರಿನವರು ಮಾಗಡಿ, ಸಾವನದುರ್ಗ ಎರಡನ್ನೂ ಗೆದ್ದರು. ಕೊನೆಯ ಕೆಂಪವೀರಗೌಡನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು.

ಮಾಗಡಿಯಿಂದ ಆಟೋ ಮಾಡಿಕೊಂಡು ಸಾವನದುರ್ಗದ ಬುಡಕ್ಕೆ ಹೋದೆವು. ಅಬ್ಬಾ, ಆ ಬಂಡೆ! 1,226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ತಲೆ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಫಿರಂಗಿಯಿಂದ ಗೋಡೆ ಒಡೆದು ಈ ದುರ್ಗವನ್ನು ಹಿಡಿಯಿತು. ಆ ಸೈನ್ಯದಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಾಡಿನ ದಳದವರೂ ಇದ್ದರು. ಕಾಡಿನ ಜ್ವರಕ್ಕೆ ಹೆದರಿ ಇದನ್ನು ಸಾವಿನ ದುರ್ಗ ಎನ್ನುತ್ತಿದ್ದರಂತೆ. ಬುಡದಲ್ಲಿ ವೀರಭದ್ರನ ಗುಡಿ, ನರಸಿಂಹನ ಗುಡಿ, ಹತ್ತಿರದಲ್ಲೇ ದರ್ಗಾ. 1984ರಲ್ಲಿ ಬಂದ 'ಎ ಪ್ಯಾಸೇಜ್ ಟು ಇಂಡಿಯಾ' ಎಂಬ ಇಂಗ್ಲಿಷ್ ಚಿತ್ರದ ಗುಹೆಯ ದೃಶ್ಯಗಳನ್ನು ತೆಗೆಯಲು ಬಂದದ್ದೂ ಈ ಬಂಡೆ ಮತ್ತು ರಾಮದೇವರ ಬೆಟ್ಟಗಳಿಗೇ. ಲೋಕಕ್ಕೆಲ್ಲ ಕಂಡ ಬೆಟ್ಟ ನಮ್ಮತ್ತೆಗೆ ಎಪ್ಪತ್ತರ ಮೇಲೆ ಕಂಡಿತು.

ಮಾಗಡಿ ತಾಲ್ಲೂಕಿನ ಕೆಂಪಾಪುರದ ಸಂಗತಿಯನ್ನು ಮಾತ್ರ ಹೇಳದೆ ಇರಲಾರೆ. ಆ ಹಳ್ಳಿಯಲ್ಲಿ ಒಂದು ಹಳೆಯ ಕಲ್ಲುಮಂಟಪ ಇತ್ತು. ಊರವರೆಲ್ಲ ದಿನವೂ ಅದರ ಪಕ್ಕದಲ್ಲೇ ಓಡಾಡಿದವರು. 2015ರಲ್ಲಿ ಅದರ ಮೇಲಿನ ಕನ್ನಡ ಬರಹವನ್ನು ತಿಳಿದವರು ಓದಿದಾಗ, ಯುದ್ಧದಿಂದ ಹಿಂದಿರುಗುವಾಗ ಕೆಂಪೇಗೌಡರು ಐಕ್ಯವಾದ ಜಾಗ ಇದೇ ಎಂದು ನಾಡಿಗೆಲ್ಲ ಗೊತ್ತಾಯಿತು. ನೂರಾರು ವರ್ಷ ಆ ಅಕ್ಷರ ಅಲ್ಲೇ ಇತ್ತು, ನಿಂತು ಓದುವವರಿರಲಿಲ್ಲ. ಅಷ್ಟರೊಳಗೆ ಯಾರಾದರೂ ಕಲ್ಲು ಕಿತ್ತು ಪಾಯಕ್ಕೆ ಹಾಕಿದ್ದರೆ? ಬೆಂಗಳೂರು ಕಟ್ಟಿದ ದೊರೆಯ ಕೊನೆಯ ಗುರುತು ಯಾರದೋ ಮನೆಯ ಮೆಟ್ಟಿಲಾಗಿ ಹೋಗುತ್ತಿತ್ತು.

ಮನೆಗೆ ಬಂದ ಮೇಲೆ

ಊರಿಗೆ ಬಂದ ಮಾರನೆಯ ದಿನ ಅತ್ತೆ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಾತಾಡಿದರು. 'ಮಳೆಗೆ ನೆನೀತಾ ಇರಿ ಅನ್ನಲ್ಲ. ಬಚ್ಚಲು ಕಟ್ಸಿ, ಅಡುಗೆ ಮನೆ ಚೊಕ್ಕಟ ಮಾಡ್ಸಿ. ಕಂಬ ಮಾತ್ರ ನಾನಿರೋವರ್ಗೂ ಬೇಡ, ನಾನು ಹೋದ್ಮೇಲೂ ಬೇಡ' ಅಂದರು. ವಾದ ನಡೆಯದೆ ಇರಲಿಲ್ಲ. ಹೆಂಚು ತೆಗೆಸಿ ತೀರು ಬದಲಾಯಿಸಲು ಬೇಕಾದ ಬಡಗಿ ಈಗ ಸುಲಭವಾಗಿ ಸಿಗುವುದಿಲ್ಲ, ಖರ್ಚೂ ಕಡಿಮೆಯಲ್ಲ. ನನ್ನ ಮೈದುನನಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. ಕೊನೆಗೆ ಆದ ಒಪ್ಪಂದ ಇಷ್ಟು: ಮುಂಭಾಗದ ತೊಟ್ಟಿ, ಕಂಬ, ತಲೆಬಾಗಿಲು ಉಳಿಸಿ ಹೆಂಚು ಬದಲಾಯಿಸುವುದು, ಹಿಂಭಾಗ ಕೆಡವಿ ತಾರಸಿಯ ಅಡುಗೆ ಮನೆ, ಬಚ್ಚಲು, ಎರಡು ಕೋಣೆ ಕಟ್ಟುವುದು. ಬೆಲೆ ಕಟ್ಟಿ ಹೋದವರಿಗೆ ಬೇಡವೆಂದು ಹೇಳಿಯಾಯಿತು. ಕೂರಸ್‌ನವರು ಮಾಡಿದ್ದೂ ಇದನ್ನೇ ಅಲ್ಲವೇ? ಹಳೆಯ ಮನೆಯನ್ನು ಉಳಿಸಿದರು, ಜನ ಅದರಲ್ಲೇ ಬಾಳುವಂತೆಯೂ ಮಾಡಿದರು.

ಸೋದರಿಯರೇ, ನಮ್ಮಲ್ಲಿ ಟ್ರಸ್ಟು ಬರಲಿ, ಸರ್ಕಾರ ಬರಲಿ ಎಂದು ಕಾಯುವುದು ಒಂದು ದಾರಿ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಊರ ಗುಡಿಯ ಕಲ್ಲಿನ ನೆಲಕ್ಕೆ ಜಾರುವ ಟೈಲ್ಸು ಹಾಕಿಸುವಾಗ, ಕೆತ್ತನೆಯ ಮೇಲೆ ಬಣ್ಣ ಬಳಿಯುವಾಗ, ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಳ್ಳುವಾಗ ಅಲ್ಲಿ ನಿಂತಿರುವವರು ನಾವು. ಅಟ್ಟದ ಸಾಮಾನನ್ನು ಗುಜರಿಯವನಿಗೆ ತೂಗಿ ಕೊಡುವವರೂ ನಾವೇ. 'ಸ್ವಲ್ಪ ನಿಲ್ಲಿ, ಇದರಲ್ಲಿ ಏನೋ ಬರೆದಿದೆ, ಯಾರಿಗಾದರೂ ತೋರಿಸೋಣ' ಎಂದು ಒಬ್ಬ ಹೆಂಗಸು ಹೇಳಿದರೂ ಒಂದು ಕಲ್ಲು ಉಳಿಯುತ್ತದೆ. ಹಾಗೆ ಹೇಳಬೇಕಾದರೆ ಮೊದಲು ನಾಲ್ಕು ಕಡೆ ನೋಡಿ ಬಂದಿರಬೇಕು.

ಹೊರಡುವವರಿಗೆ ಕೊನೆಯದಾಗಿ ನಾಲ್ಕು ಮಾತು. ಬಿಸಿಲು ಕಾಲದಲ್ಲಿ ಬಂಡೆಯ ಊರುಗಳು ಸುಡುತ್ತವೆ. ದಸರೆಯ ನಂತರ ಸಂಕ್ರಾಂತಿಯವರೆಗೆ ಹವೆ ಹಿತ. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಆ ಹೊತ್ತನ್ನು ಊಟಕ್ಕೆ ಇಟ್ಟುಕೊಳ್ಳಿ. ಜಾನಪದ ಲೋಕಕ್ಕೆ ವಾರದ ರಜೆ ಯಾವತ್ತು ಎಂದು ಮೊದಲೇ ವಿಚಾರಿಸಿ. ಸಾವನದುರ್ಗ, ಕಬ್ಬಾಳದಂಥ ಕಡೆ ಹೊತ್ತು ಮುಳುಗುವ ಮೊದಲೇ ಇಳಿದುಬಿಡಿ. ಜೊತೆಗೆ ಒಂದು ಪುಟ್ಟ ಪುಸ್ತಕ, ಪೆನ್ನು ಇರಲಿ, ಕಂಡದ್ದನ್ನು ಆ ರಾತ್ರಿಯೇ ನಾಲ್ಕು ಸಾಲು ಬರೆದುಕೊಳ್ಳಿ. ಮನೆಯ ಹಿರಿಯ ಹೆಂಗಸೊಬ್ಬರನ್ನು ಬಿಡದೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಅವರು ಹೇಳುವ ಮಾತು ಬೇರೆಲ್ಲೂ ಸಿಗುವುದಿಲ್ಲ.

ನಿಮ್ಮದು ಮಾಗಡಿಯಲ್ಲದಿರಬಹುದು, ಶಿರಾ ಇರಬಹುದು, ಹಾನಗಲ್ ಇರಬಹುದು, ಕುಂಬಳೆ ಇರಬಹುದು. ಎಲ್ಲ ಸೀಮೆಯಲ್ಲೂ ಒಂದು ಕೋಟೆ, ಒಂದು ಗುಡಿ, ಒಂದು ಕಸುಬಿನ ಬೀದಿ ಇದ್ದೇ ಇದೆ. ಈ ಬಾರಿ ಕ್ಯಾಲೆಂಡರಿನಲ್ಲಿ ಹಬ್ಬಗಳಿಗೆ ಗುರುತು ಹಾಕುವಾಗ ನಿಮ್ಮ ಹೆಸರಿನಲ್ಲಿ ಎರಡು ದಿನಕ್ಕೂ ಗುರುತು ಹಾಕಿ.